ಪಿಸುಮಾತಿಗೆ ಮೈಕು

ಒಂದು ಗಳಿಗೆ ಕೂತು ಕೇಳಿ. ಕೈಯಲ್ಲಿರುವ ಫೋನನ್ನು ಆ ಕಡೆ ಇಡಿ, ಟೀ ಆರಿಹೋದರೆ ಇನ್ನೊಂದು ಹೇಳೋಣ. ಈ ಕತೆಯನ್ನು ಅರ್ಧಕ್ಕೇ ಕೇಳಿ ಎದ್ದುಹೋದವರೆಲ್ಲ ತಪ್ಪು ಆ ಹುಡುಗಿಯದೇ ಎಂದು ತೀರ್ಪು ಕೊಟ್ಟು ಹೋಗಿದ್ದಾರೆ. ನೀವು ಪೂರ್ತಿ ಕೇಳಿ. ಆಮೇಲೆ ಬೈಯುವುದಾದರೆ ಬೈಯಿರಿ, ಯಾರು ಬೇಡ ಅಂದರು?

ಊರೆಲ್ಲ ಅವಳನ್ನು ಗಿಳಿ ಎಂದೇ ಕರೆಯುತ್ತಿತ್ತು. ಮೂಗು ಚೂಪಾಗಿತ್ತು ಅಂತಲ್ಲ, ಅವಳ ಕೆಲಸವೇ ಅದು. ಅವಳು ದುಭಾಷಿ. ಒಬ್ಬರು ಆಡಿದ್ದನ್ನು ಇನ್ನೊಬ್ಬರಿಗೆ ಅವರ ಭಾಷೆಯಲ್ಲಿ ಆಡಿ ತೋರಿಸುವುದು. ಬಂದರಿನಲ್ಲಿ ಹಡಗಿನವರಿಗೂ ಕೂಲಿಯವರಿಗೂ ಜಟಾಪಟಿಯಾದರೆ ಗಿಳಿಗೆ ಫೋನು. ಆಸ್ಪತ್ರೆಗೆ ಹೊರದೇಶದ ಡಾಕ್ಟರು ಬಂದರೆ ಗಿಳಿಗೆ ಫೋನು. ಇಬ್ಬರ ಬೈಗುಳಗಳೂ ಅವಳ ಬಾಯಿಂದಲೇ ಹಾದುಹೋಗಬೇಕಾದ್ದರಿಂದ, ಎರಡು ಭಾಷೆಯಲ್ಲೂ ಚೆನ್ನಾಗಿ ಬೈಯಬಲ್ಲ ಹುಡುಗಿ ಎಂಬ ಹೆಸರೂ ಇತ್ತು.

ಅವಳಿಗೆ ಈ ವಿದ್ಯೆ ಕಲಿಸಿದವರು ನ್ಯಾಯಾಲಯದಲ್ಲಿ ದುಭಾಷಿಯಾಗಿ ಕೂದಲು ನರೆಸಿಕೊಂಡಿದ್ದ ಒಬ್ಬ ಹೆಂಗಸು. ಗಿಳಿ ಅವರನ್ನು ಟೀಚರ್ ಎನ್ನುತ್ತಿದ್ದಳು. ಟೀಚರ್ ಕಲಿಸಿದ್ದು ಎರಡೇ ಮಾತು. "ಬಾಗಿಲು ಮುಚ್ಚಿದ ಕೋಣೇಲಿ ಕೇಳಿದ್ದನ್ನ ಬಾಗಿಲಲ್ಲೇ ಬಿಟ್ಟು ಬಾ, ಮನೆಗೆ ಹೊತ್ಕೊಂಡು ಹೋಗ್ಬೇಡ. ಬಾಗಿಲು ತೆರೆದ ಕೋಣೇಲಿ ಆಡಿದ ಒಂದು ಮಾತನ್ನೂ ನುಂಗ್ಬೇಡ. ಯಾರಾದ್ರೂ ಸೀನಿದ್ರೆ ಅದನ್ನ ಬಿಡು, ಮಿಕ್ಕಿದ್ದೆಲ್ಲ ಹೇಳು."

ಆ ಕಾಲಕ್ಕೆ ಊರಿನಲ್ಲಿ ಕರೆಂಟು ಇರುವುದೇ ಒಂದು ಸುದ್ದಿಯಾಗಿತ್ತು. ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಅಲ್ಲೇ ಪರಿಚಯವಾಗಿ ಸಂಬಂಧ ಬೆಳೆಸಿದ್ದುಂಟು. ಹಲ್ಲಿನ ಡಾಕ್ಟರು ಅರ್ಧ ಕೊರೆದ ಹಲ್ಲನ್ನು ಹಾಗೇ ಬಿಟ್ಟು, "ಕರೆಂಟು ಬಂದ್ಮೇಲೆ ಬನ್ನಿ" ಎಂದು ಕಳಿಸಿಬಿಡುತ್ತಿದ್ದರು. ಹೀಗಿರುವಾಗ ಊರಾಚೆಯ ಬಯಲಿನಲ್ಲಿ ದೊಡ್ಡ ವಿದ್ಯುತ್ ಸ್ಥಾವರ ಬರುತ್ತದೆ, ದುಡ್ಡು ಹೊರದೇಶದ ಬ್ಯಾಂಕಿನದು, ಯಂತ್ರ ಹೊರದೇಶದ ಕಂಪನಿಯದು ಎಂದರೆ ಜನ ಕುಣಿಯದೆ ಇರುತ್ತಾರೆಯೇ?

ಮಾತುಕತೆ ನಡೆದದ್ದು ಹೋಟೆಲಿನ ಮೇಲಿನ ಮಹಡಿಯಲ್ಲಿ, ಕಿಟಕಿಗೆ ದಪ್ಪ ಪರದೆ ಎಳೆದ ಕೋಣೆಯಲ್ಲಿ. ಒಂದು ಕಡೆ ವಿದ್ಯುತ್ ಮಂತ್ರಿಗಳು. ಇನ್ನೊಂದು ಕಡೆ ಬ್ಯಾಂಕಿನಿಂದ ಬಂದಿದ್ದ ಹಿರಿಯರು, ತಣ್ಣಗಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವುದು ಅಭ್ಯಾಸ. ನಮ್ಮ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು "ಹೌದು" ಮತ್ತು "ಬಿಸಿ ನೀರು" ಮಾತ್ರ, ಎರಡನ್ನೂ ಹೋಟೆಲಿನ ರೂಮಿನವನಿಂದ ಕಲಿತದ್ದು. ನಡುವೆ ಕಂಪನಿಯ ಸ್ಥಳೀಯ ಪ್ರತಿನಿಧಿ. ಇವರನ್ನು ಊರು ಆಗಲಿ ಸಾಹೇಬರು ಎನ್ನುತ್ತಿತ್ತು, ಏಕೆಂದರೆ ಯಾರು ಏನು ಕೇಳಿದರೂ ಅವರು "ಆಗಲಿ, ಆಗಲಿ" ಎನ್ನುತ್ತಿದ್ದರು. ಮಗನಿಗೆ ಕೆಲಸ? ಆಗಲಿ. ಬೀದಿಗೆ ದೀಪ? ಆಗಲಿ. ಅವರ ಬಾಯಲ್ಲಿ "ಬೇಡ" ಎಂಬ ಪದ ಕೇಳಿದವರೇ ಇರಲಿಲ್ಲ.

ಕನ್ನಡಕದವರು ಕೇಳಿದರು, ಗಿಳಿ ಹೇಳಿದಳು: "ನಾಳೆ ನಿಮ್ಮ ಸರ್ಕಾರ ಬಿದ್ದು, ಹೊಸಬರು ಬಂದು ಒಪ್ಪಂದ ಹರಿದು ಹಾಕಿದರೆ? ಬೇರೊಂದು ದೇಶದಲ್ಲಿ ನಮಗೆ ಹಾಗೇ ಆಯಿತು. ಅರ್ಧ ಕಟ್ಟಿದ ಚಿಮಣಿಯಲ್ಲಿ ಈಗ ಪಾರಿವಾಳಗಳು ಸಂಸಾರ ಹೂಡಿವೆ."

ಮಂತ್ರಿಗಳು ಹೊಟ್ಟೆ ಕುಲುಕಿಸಿ ನಕ್ಕರು. "ನಮ್ಮ ಚಿಮಣಿಗೆ ಪಾರಿವಾಳ ಬರಲ್ಲ ಅಂತ ಹೇಳಮ್ಮಾ. ಏನು ಭದ್ರತೆ ಬೇಕೋ ಬರ್ಕೊಳ್ಳಿ ಅನ್ನು. ಚುನಾವಣೆಗೆ ಮುಂಚೆ ಅಡಿಗಲ್ಲು ಬಿದ್ರೆ ನಂಗೆ ಸಾಕು."

ಬ್ಯಾಂಕಿನವರು ಬರೆದುಕೊಂಡರು, ಮಂತ್ರಿಗಳು ಆಗಲಿ ಸಾಹೇಬರ ಮಾತನ್ನೇ ಎರವಲು ಪಡೆದರು. ಕರೆಂಟು ಕೊಳ್ಳಲಿ ಬಿಡಲಿ, ಸ್ಥಾವರ ಓಡಲಿ ನಿಲ್ಲಲಿ, ಸರ್ಕಾರ ಪ್ರತಿ ತಿಂಗಳು ದುಡ್ಡು ಕಟ್ಟಬೇಕು. ಆಗಲಿ. ಆ ದುಡ್ಡು ಹೊರದೇಶದ ನಾಣ್ಯದ ಲೆಕ್ಕದಲ್ಲಿ, ಇಲ್ಲಿಯ ದುಡ್ಡಿನ ಬೆಲೆ ಕುಸಿದರೆ ಬಿಲ್ಲು ಏರುತ್ತದೆ. ಆಗಲಿ. ತಕರಾರು ಬಂದರೆ ಕೇಸು ನಡೆಯುವುದು ಅವರ ದೇಶದ ಪಟ್ಟಣದಲ್ಲಿ. ಆಗಲಿ. ಲಾರಿ, ಕ್ರೇನು, ಕೆಲಸದಾಳು ಎಲ್ಲವೂ ಕಂಪನಿಯ ಜೊತೆ ಹೊರಗಿನಿಂದಲೇ ಬರುತ್ತವೆ. ಅದಕ್ಕೂ ಆಗಲಿ!

ಕೊನೆಯ ಮಾತಿಗೆ ಗಿಳಿಯ ನಾಲಿಗೆ ಒಂದು ಕ್ಷಣ ತೊಡರಿತು. ಯಾಕೆ ಎಂದು ಮನೆಗೆ ಬಂದರೆ ಗೊತ್ತಾಗುತ್ತದೆ.

ಮನೆ ಅಂದರೆ ಒಂದೇ ಕಟ್ಟಡ. ಬೀದಿಯ ಕಡೆ ಚಿಕ್ಕಮ್ಮನ ಇಸ್ತ್ರಿ ಅಂಗಡಿ, ಪಕ್ಕದಲ್ಲಿ ಅಣ್ಣನ ಮೋಟಾರ್ ರಿಪೇರಿ, ಹಿಂದೆ ಎರಡು ಕೋಣೆಯಲ್ಲಿ ಸಂಸಾರ. ಅಪ್ಪ ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿದ್ದು ಆ ಇಸ್ತ್ರಿಪೆಟ್ಟಿಗೆ. ಚಿಕ್ಕಮ್ಮನಿಗೆ ಜೀವನದಲ್ಲಿ ಇದ್ದದ್ದು ಒಬ್ಬನೇ ಶತ್ರು, ಮೀಟರ್ ಓದಲು ಬರುವವನು. ಅವತ್ತೂ ಜಗಳ ನಡೆದಿತ್ತು.

"ಕಾಲು ಮುರ್ಕೊಂಡು ನಾನು ಆಸ್ಪತ್ರೇಲಿ ಬಿದ್ದಿದ್ನಲ್ಲೋ! ಅಂಗಡಿ ಬಾಗಿಲೇ ತೆಗ್ದಿಲ್ಲ. ಒಂದು ಕರ್ಚೀಫಾದ್ರೂ ಇಸ್ತ್ರಿ ಮಾಡಿದ್ರೆ ಕೇಳು. ಬಿಲ್ಲು ಎಲ್ಲಿಂದ ಬಂತು?"

"ಅದು ಮಿನಿಮಮ್ ಅಮ್ಮಾ. ಉರಿಸಿದ್ರೂ ಕಟ್ಬೇಕು, ಉರಿಸದಿದ್ರೂ ಕಟ್ಬೇಕು."

"ಯಾರೋ ಅವನು ಮಿನಿಮಮ್ಮು? ಪ್ರತಿ ತಿಂಗ್ಳು ನನ್ನ ಬಿಲ್ಲಲ್ಲಿ ಕೂತಿರ್ತಾನೆ! ಒಂದ್ಸಲ ಕರ್ಕೊಂಡು ಬಾ ಅವನನ್ನ, ಮುಖ ನೋಡ್ಬೇಕು ನಾನು."

ಒಳಗೆ ಅಣ್ಣ ಸುಟ್ಟ ಮೋಟಾರಿನಿಂದ ತಾಮ್ರದ ತಂತಿ ಕೀಳುತ್ತಾ ಸಿಳ್ಳೆ ಹಾಕುತ್ತಿದ್ದ. ಕರೆಂಟು ಏರಿಳಿದು ಊರಿನ ಮೋಟಾರುಗಳೆಲ್ಲ ಸುಟ್ಟುಕೊಳ್ಳುತ್ತಿದ್ದುದರಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು. ಒಳ್ಳೆಯ ಕರೆಂಟು ಬಂದರೆ ಅವನ ಅಂಗಡಿಗೆ ನೊಣ ಕೂಡ ಬರುವುದಿಲ್ಲ. ಅದನ್ನು ಅವನೂ ಯೋಚಿಸಿದ್ದ. ಕಟ್ಟಡವನ್ನೇ ಮಾರಿ ಎರಡು ಟಿಪ್ಪರ್ ಲಾರಿ ಕೊಂಡು ಸ್ಥಾವರದ ಕೆಲಸಕ್ಕೆ ಬಿಡುವುದು ಅವನ ಲೆಕ್ಕ. ಕೊಳ್ಳುವವರೂ ಸಿದ್ಧವಾಗಿದ್ದರು. ಊರಿನವರ ಬಹಿರಂಗ ಸಭೆ ಮುಗಿದ ಮಾರನೆಯ ದಿನ ರಿಜಿಸ್ಟ್ರಿ.

"ಆಗಲಿ ಸಾಹೇಬ್ರು ಮಾತು ಕೊಟ್ಟಿದ್ದಾರೆ ಕಣೇ," ಎಂದ ಅಣ್ಣ. "ಟಿಪ್ಪರ್ ತಗೊಂಡು ಬಾ, ಕೆಲಸ ಕೊಡಿಸೋದು ನಂದು ಅಂದ್ರು."

"ಅವ್ರು ಯಾರಿಗೆ ಇಲ್ಲ ಅಂದಿದ್ದಾರೆ ಅಣ್ಣಾ?"

"ಅಂದ್ರೆ? ನೀನು ಆ ಕೋಣೇಲಿ ಇದ್ಯಲ್ಲ. ಏನಾದ್ರೂ ಕೇಳಿದ್ಯಾ?"

ಗಿಳಿ ಮುಖ ತಿರುಗಿಸಿ ನೆಲದ ಮೇಲಿನ ತಂತಿಚೂರು ಆರಿಸತೊಡಗಿದಳು. ಬಾಯಿ ತೆರೆದರೆ ಸಾಕು, ಅಣ್ಣ ಉಳಿಯುತ್ತಾನೆ, ಮನೆ ಉಳಿಯುತ್ತದೆ. ಆದರೆ ಇವತ್ತು ಅಣ್ಣನಿಗೆಂದು ಬಾಗಿಲು ತೆರೆದರೆ, ನಾಳೆ ಆಸ್ಪತ್ರೆಯಲ್ಲಿ ರೋಗಿಯೊಬ್ಬ ಅವಳ ಮುಂದೆ ತನ್ನ ಕಾಯಿಲೆ ಹೇಳಿಕೊಳ್ಳುತ್ತಾನೆಯೇ? ಬಂದರಿನ ಕೂಲಿಯವನು ಅವಳ ಬಾಯಿಗೆ ತನ್ನ ಮಾತು ಕೊಡುತ್ತಾನೆಯೇ?

"ಸಭೇಲಿ ಕೇಳು," ಎಂದಳು. "ಎಲ್ರೆದುರು, ಮೈಕಲ್ಲಿ ಕೇಳು. ಅಲ್ಲೀವರೆಗೂ ಏನೂ ಮಾರ್ಬೇಡ."

"ಏನು ಕೇಳ್ಲಿ?"

"ನಿಂಗೇನು ಬೇಕೋ ಅದನ್ನೇ."

"ಗಿಳಿಯಾಗಿ ಹುಟ್ಟಿ ಮನೇಗೆ ಬಂದ್ರೆ ಮೂಗಿಯಾಗ್ತೀಯಲ್ಲ ಮಾರಾಯ್ತಿ!" ಎಂದು ಅಣ್ಣ ತಂತಿಯ ಸುರುಳಿಯನ್ನು ಮೂಲೆಗೆಸೆದ.

ಆ ಬಹಿರಂಗ ಸಭೆ ಮಂತ್ರಿಗಳ ಕೃಪೆಯಿಂದ ಕರೆದದ್ದಲ್ಲ, ತಿಳಿದಿರಲಿ. ಅದು ಬ್ಯಾಂಕಿನ ನಿಯಮ. ಊರಿನ ಜನ ತಮ್ಮ ಭಾಷೆಯಲ್ಲಿ ಕೇಳಬೇಕು, ತಮ್ಮ ಭಾಷೆಯಲ್ಲೇ ಉತ್ತರ ಸಿಗಬೇಕು, ಎಲ್ಲವೂ ರೆಕಾರ್ಡ್ ಆಗಬೇಕು. ಆಮೇಲೆಯೇ ಮೊದಲ ಕಂತಿನ ದುಡ್ಡು. ಹಾಗಾಗಿ ಪುರಭವನದ ವೇದಿಕೆಯ ಮೇಲೆ, ಹೂದಾನಿಯ ಪಕ್ಕದಲ್ಲಿ, ಒಂದು ಸಣ್ಣ ಯಂತ್ರ ಕೆಂಪು ದೀಪ ಹೊತ್ತಿಸಿಕೊಂಡು ಕೂತಿತ್ತು.

ಪುರಭವನ ಕಿಕ್ಕಿರಿದಿತ್ತು. ಜನರೇಟರು ಹೊರಗೆ ಗುಡುಗುತ್ತಿತ್ತು, ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕುತ್ತಿದ್ದವು. ಮಂತ್ರಿಗಳು ಬೆಳಕಿನ ಬಗ್ಗೆ ಮಾತಾಡಿದರು, ಕತ್ತಲೆಯ ಬಗ್ಗೆ ಮಾತಾಡಿದರು, ಮತ್ತೆ ಬೆಳಕಿನ ಬಗ್ಗೆ ಮಾತಾಡಿದರು. ಹಲ್ಲಿನ ಡಾಕ್ಟರು ಎದ್ದು, "ಬೇಗ ಶುರು ಮಾಡಿ ಸ್ವಾಮಿ, ನನ್ನ ರೋಗಿಗಳು ಬಾಯಿ ತಕ್ಕೊಂಡೇ ಕೂತಿದ್ದಾರೆ" ಎಂದಾಗ ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಗಿಳಿ ಎಲ್ಲವನ್ನೂ ಅತ್ತಿಂದಿತ್ತ ಸಾಗಿಸುತ್ತಿದ್ದಳು. ಕಣ್ಣು ಮಾತ್ರ ಆಗಾಗ ಅಣ್ಣನ ಕಡೆ ಹೋಗುತ್ತಿತ್ತು. ಅವನು ಹೊಸ ಅಂಗಿ ತೊಟ್ಟು, ಮನೆ ಕೊಳ್ಳುವವರ ಪಕ್ಕದಲ್ಲೇ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದ. ಕೇಳುವ ಲಕ್ಷಣವೇ ಇರಲಿಲ್ಲ.

ಕೇಳಿದ್ದು ಚಿಕ್ಕಮ್ಮ. ಊರುಗೋಲು ಊರಿಕೊಂಡು ಎದ್ದು ಸಭೆಯಲ್ಲಿ ಮೈಕು ಹಿಡಿದು ಓಡಾಡುತ್ತಿದ್ದ ಹುಡುಗಿಯ ಕೈಯಿಂದ ಅದನ್ನು ಕಿತ್ತುಕೊಂಡರು.

"ನಂದು ಒಂದೇ ಪ್ರಶ್ನೆ. ನಿಮ್ಮ ಈ ಫ್ಯಾಕ್ಟರಿ ಕೆಟ್ಟು ನಿಂತ್ರೆ, ನಮಗೆ ಕರೆಂಟು ಬರದೇ ಇದ್ರೆ, ಆಗ್ಲೂ ದುಡ್ಡು ಕಟ್ಬೇಕಾ? ಮೀಟರಿನವನು ನಂಗೆ ಮಾಡೋ ಹಾಗೆ ನೀವೂ ಮಾಡ್ತೀರಾ?"

ಸಭೆ ಗೊಳ್ಳೆಂದಿತು. ಗಿಳಿ ಅದನ್ನು ಕನ್ನಡಕದವರಿಗೆ ಹೇಳಿದಳು, ಮೀಟರಿನವನನ್ನೂ ಬಿಡದೆ. ಅವರು ನಗಲಿಲ್ಲ. ಒಳ್ಳೆಯ ಪ್ರಶ್ನೆ ಎಂಬಂತೆ ತಲೆದೂಗಿ, ತಮ್ಮ ಭಾಷೆಯಲ್ಲಿ ನಿಧಾನವಾಗಿ, ಒಂದನ್ನೂ ಮುಚ್ಚದೆ ಉತ್ತರ ಕೊಟ್ಟರು. ಇನ್ನು ಇದು ಮುಚ್ಚಿದ ಕೋಣೆಯ ಮಾತಲ್ಲ.

ಅವಳು ಮೈಕಿಗೆ ಬಾಯಿ ತರುವಷ್ಟರಲ್ಲಿ ಆಗಲಿ ಸಾಹೇಬರು ಕುರ್ಚಿ ಎಳೆದುಕೊಂಡು ಕಿವಿಯ ಹತ್ತಿರ ಬಂದರು. ಮುಖದಲ್ಲಿ ನಗು ಹಾಗೇ ಇತ್ತು.

"ಇದು ಬೇಡಮ್ಮಾ, ಬಿಟ್ಬಿಡು. 'ಏನೂ ಚಿಂತೆ ಇಲ್ಲ' ಅಂದ್ಬಿಡು, ಅಷ್ಟೇ. ನಿಮ್ಮಣ್ಣನ ಟಿಪ್ಪರ್ ವಿಷಯ ನನ್ನ ಕೈಲಿದೆ, ಮರೀಬೇಡ."

ಅಂತೂ ಆ ಬಾಯಿಂದ "ಬೇಡ" ಬಂತು. ಬಂದದ್ದು ಇಲ್ಲಿ!

ಗಿಳಿ ತಲೆಯೆತ್ತಿ ಪುರಭವನದ ಬಾಗಿಲು ನೋಡಿದಳು. ಎರಡೂ ಕದ ಪೂರ್ತಿ ತೆರೆದಿದ್ದವು. ಒಳಗೆ ಜಾಗ ಸಾಲದೆ ಜನ ಮೆಟ್ಟಿಲ ಮೇಲೂ ನಿಂತಿದ್ದರು. ಇದು ಬಾಗಿಲು ತೆರೆದ ಕೋಣೆ. ಇಲ್ಲಿ ಆಡಿದ ಒಂದು ಮಾತನ್ನೂ ನುಂಗುವ ಹಾಗಿಲ್ಲ. ಸಾಹೇಬರು ಆಡಿದ್ದೂ ಇಲ್ಲೇ ಅಲ್ಲವೇ? ಅದು ಸೀನೇನಲ್ಲವಲ್ಲ!

ಅವಳು ಮೈಕು ಹಿಡಿದಳು.

"ಬ್ಯಾಂಕಿನವರ ಉತ್ತರ ಹೀಗಿದೆ. ಹೌದು, ಕಟ್ಟಬೇಕು. ಸ್ಥಾವರ ನಿಂತರೂ, ಕರೆಂಟು ಕೊಳ್ಳದಿದ್ದರೂ ನಿಮ್ಮ ಸರ್ಕಾರ ಪ್ರತಿ ತಿಂಗಳು ಕಟ್ಟಬೇಕು. ಅದು ನಮ್ಮ ನಾಣ್ಯದ ಲೆಕ್ಕದಲ್ಲಿ, ಆದ್ದರಿಂದ ನಿಮ್ಮ ದುಡ್ಡು ಕುಸಿದರೆ ನಿಮಗೆ ಹೊರೆ ಹೆಚ್ಚು. ಮುಂದೆ ಬರುವ ಸರ್ಕಾರಕ್ಕೂ ಇದರಿಂದ ಬಿಡಿಸಿಕೊಳ್ಳಲು ಬರುವುದಿಲ್ಲ, ಬಿಡಿಸಿಕೊಳ್ಳಬೇಕಾದರೆ ನಮ್ಮ ದೇಶಕ್ಕೆ ಬಂದು ಕೇಸು ಗೆಲ್ಲಬೇಕು." ಉಸಿರು ತೆಗೆದುಕೊಂಡಳು. "ಇದಾದ ಮೇಲೆ ಕಂಪನಿಯ ಪ್ರತಿನಿಧಿಗಳು ನನ್ನ ಕಿವಿಯಲ್ಲಿ ಆಡಿದ ಮಾತು ಹೀಗಿದೆ. ಇದು ಬೇಡಮ್ಮಾ, ಬಿಟ್ಬಿಡು. ಏನೂ ಚಿಂತೆ ಇಲ್ಲ ಅಂದ್ಬಿಡು, ಅಷ್ಟೇ. ನಿಮ್ಮಣ್ಣನ ಟಿಪ್ಪರ್ ವಿಷಯ ನನ್ನ ಕೈಲಿದೆ, ಮರೀಬೇಡ."

ಆಮೇಲೆ ಕನ್ನಡಕದವರ ಕಡೆ ತಿರುಗಿ ಅದೇ ಪಿಸುಮಾತನ್ನು ಅವರ ಭಾಷೆಯಲ್ಲೂ ಒಪ್ಪಿಸಿದಳು. ಟಿಪ್ಪರನ್ನೂ ಬಿಡಲಿಲ್ಲ.

ಕೆಂಪು ದೀಪ ಉರಿಯುತ್ತಲೇ ಇತ್ತು. ಆಗಲಿ ಸಾಹೇಬರ ನಗು ಮುಖದಲ್ಲೇ ಒಣಗಿಹೋಯಿತು. ಮಂತ್ರಿಗಳು ಮೇಜು ಗುದ್ದಿ ಎದ್ದರು.

"ಸುಳ್ಳುಗಾತಿ! ಇವಳು ಸುಳ್ಳುಗಾತಿ! ಅವ್ರು ಒಂದು ಹೇಳಿದ್ರೆ ಇವಳು ಇನ್ನೊಂದು ಹೇಳ್ತಿದ್ದಾಳೆ. ನಮ್ಮ ವಿರೋಧಿಗಳು ದುಡ್ಡು ಕೊಟ್ಟು ಕೂರಿಸಿದ್ದಾರೆ ಇವಳನ್ನ. ನಾಲಿಗೆ ಬಾಡಿಗೆಗೆ ಕೊಟ್ಟವಳು! ಯಾರ್ರೀ ಅಲ್ಲಿ, ಎಬ್ಬಿಸ್ರಿ!"

ಕನ್ನಡಕದವರು ಗಾಬರಿಯಿಂದ ಗಿಳಿಯನ್ನು ನೋಡಿದರು. ಏನಾಗುತ್ತಿದೆ ಎಂದು ಅವರಿಗೆ ತಿಳಿಸಬೇಕಾದವಳೂ ಅವಳೇ ತಾನೇ? ಗಿಳಿ ಬೆನ್ನು ನೆಟ್ಟಗೆ ಮಾಡಿ ಕೂತು, ಬಂದರಿನಲ್ಲಿ ಕಲಿತ ಒಳ್ಳೊಳ್ಳೆಯ ಪದಗಳನ್ನೇ ಆರಿಸಿ, ಮಂತ್ರಿಗಳ ಆವೇಶವೂ ಕೆಡದ ಹಾಗೆ ಅನುವಾದ ಮಾಡಿದಳು. ಈ ದುಭಾಷಿ ಸುಳ್ಳುಗಾತಿ. ದುಡ್ಡು ತಿಂದಿದ್ದಾಳೆ. ನಾಲಿಗೆ ಬಾಡಿಗೆಗೆ ಕೊಟ್ಟವಳು. ಇವಳನ್ನು ಎಬ್ಬಿಸಿ. ತನ್ನ ಮೇಲಿನ ಬೈಗುಳವನ್ನು ಒಂದಕ್ಷರ ಕಡಿಮೆ ಮಾಡದೆ, ಮೇಜು ಗುದ್ದಿದ್ದನ್ನು ಮಾತ್ರ ಬಿಟ್ಟು.

ಕನ್ನಡಕದವರು ಕನ್ನಡಕ ತೆಗೆದರು. ಒರೆಸಿದರು. "ನೀನು ಅವರಿಗೆ ಏನೆಂದು ಹೇಳಿದೆ?" ಎಂದು ಕೇಳಿದರು. ಅವಳು ಮತ್ತೆ ಹೇಳಿದಳು. ಅವರು ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡು, ಅವಳ ಕೈಯಿಂದ ಮೈಕು ತೆಗೆದುಕೊಂಡು ಸಭೆಯ ಕಡೆ ತಿರುಗಿ ನಿಂತರು.

"ಹೌದು," ಎಂದರು, ನಮ್ಮದೇ ಭಾಷೆಯಲ್ಲಿ. ಸಾಲದೆನಿಸಿತೋ ಏನೋ, ಮತ್ತೊಮ್ಮೆ ಗಟ್ಟಿಯಾಗಿ, "ಹೌದು!"

ಆಮೇಲೆ ಉಳಿದದ್ದನ್ನು ಗಿಳಿಯ ಬಾಯಿಂದ ಹೇಳಿಸಿದರು. ಇದೆಲ್ಲ ನಿಮಗೆ ಮೊದಲೇ ಗೊತ್ತು, ನಿಮ್ಮ ಮಂತ್ರಿಗಳು ಹೇಳಿರುತ್ತಾರೆ ಎಂದುಕೊಂಡಿದ್ದೆ ಎಂದು.

ಚಿಕ್ಕಮ್ಮ ಇನ್ನೂ ನಿಂತೇ ಇದ್ದರು. ಊರುಗೋಲನ್ನು ವೇದಿಕೆಯ ಕಡೆ ಚಾಚಿ ಕೂಗಿದರು. "ಹಂಗಾದ್ರೆ ಮಿನಿಮಮ್ಮು ಅಂದ್ರೆ ಇವನೇನಾ! ಅಂತೂ ಸಿಕ್ಕಿದ್ಯಲ್ಲಪ್ಪಾ!"

ನಗುವೂ ಕೂಗೂ ಒಟ್ಟಿಗೇ ಎದ್ದವು. ಆ ಗಲಾಟೆಯ ನಡುವೆ ಅಣ್ಣ ಎದ್ದ. ಚಿಕ್ಕಮ್ಮನ ಕೈಯಿಂದ ಮೈಕು ತೆಗೆದುಕೊಂಡ.

"ನನ್ನ ಟಿಪ್ಪರ್?" ಎಂದ. "ಊರಿನವರ ಲಾರಿಗೆ ಕೆಲಸ ಇದ್ಯೋ ಇಲ್ವೋ?"

ಗಿಳಿ ಕೇಳಿದಳು. ಉತ್ತರ ಬಂತು. ಒಡಹುಟ್ಟಿದವನ ಕಣ್ಣಿಗೆ ಕಣ್ಣಿಟ್ಟು, ಅಪರಿಚಿತನಿಗೆ ಹೇಳುವ ಹಾಗೆ ಹೇಳಿದಳು. "ಇಲ್ಲ. ಗಾಡಿ, ಆಳು ಎಲ್ಲವೂ ಕಂಪನಿಯ ಜೊತೆ ಹೊರಗಿನಿಂದ ಬರುತ್ತವೆ. ಒಪ್ಪಂದದಲ್ಲಿ ಹಾಗೇ ಇದೆ."

ಪಕ್ಕದಲ್ಲಿದ್ದ ಕೊಳ್ಳುವವರು ಮೆಲ್ಲಗೆ ಕುರ್ಚಿ ಸರಿಸಿಕೊಂಡರು. ಅಣ್ಣ ಮೈಕನ್ನು ಬಿಡಲೇ ಇಲ್ಲ.

"ಇದು ನಿಂಗೆ ಮೊದ್ಲೇ ಗೊತ್ತಿತ್ತಾ?"

ಅವಳು ಅದನ್ನೂ ಕನ್ನಡಕದವರಿಗೆ ಅನುವಾದ ಮಾಡಿದಳು. ಅವರು, ಇದು ನನಗೆ ಕೇಳಿದ್ದಲ್ಲ ಎಂಬಂತೆ ಅವಳ ಕಡೆಗೇ ಕೈ ತೋರಿಸಿದರು. ಆ ದಿನವೆಲ್ಲ ಬೇರೆಯವರ ಮಾತನ್ನೇ ಆಡಿದ್ದ ಗಿಳಿ ಆಗ ತನ್ನದೊಂದು ಮಾತು ಆಡಿದಳು.

"ಗೊತ್ತಿತ್ತು ಅಣ್ಣಾ."

ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ಅವಳಿಗೆ ಹಾರ ಹಾಕುತ್ತಿದ್ದರು. ಮುಗಿಯಲಿಲ್ಲ. ಬ್ಯಾಂಕು ಮೊದಲ ಕಂತನ್ನು ತಡೆಹಿಡಿಯಿತು. ಷರತ್ತುಗಳನ್ನು ಮತ್ತೆ ಕೂತು ಮಾತಾಡಿ, ಮತ್ತೊಂದು ಬಹಿರಂಗ ಸಭೆ ನಡೆಸಿ ಎಂದಿತು. ಅಡಿಗಲ್ಲು ಬೀಳಲಿಲ್ಲ. ಕರೆಂಟು ಮೊದಲಿನ ಹಾಗೇ ಹೋಗುತ್ತಾ ಬರುತ್ತಾ ಇತ್ತು. ಹಲ್ಲಿನ ಡಾಕ್ಟರು ದೀಪ ಆರಿದಾಗಲೆಲ್ಲ, "ಗಿಳಿ ಊದಿದ್ಲು ನೋಡಿ" ಎನ್ನತೊಡಗಿದರು. ಹೋಟೆಲಿನಿಂದ ಫೋನು ಬರುವುದು ನಿಂತಿತು. ಪಿಸುಮಾತಿಗೂ ಮೈಕು ಹಿಡಿಯುವವಳನ್ನು ಯಾವ ದೊಡ್ಡ ಮನುಷ್ಯ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ? ಬಂದರಿನವರು ಮಾತ್ರ ಕರೆಯುತ್ತಿದ್ದರು. ವಿರೋಧ ಪಕ್ಷದವರು ಬಂದು, "ನಮ್ಮ ವೇದಿಕೆಗೆ ಬಾಮ್ಮಾ, ನಾವು ಗೆದ್ರೆ ಒಪ್ಪಂದ ಹರಿದು ಹಾಕ್ತೀವಿ ಅಂತ ನೀನೇ ಹೇಳು" ಎಂದರು. "ಹರಿದ್ರೆ ಅದಕ್ಕೆ ದಂಡ ಯಾರು ಕಟ್ತಾರೆ ಅಂತಾನೂ ಸೇರಿಸ್ಲಾ?" ಎಂದಳು. ಟೀ ಕೂಡ ಕುಡಿಯದೆ ಹೋದರು.

ಇಸ್ತ್ರಿ ಅಂಗಡಿ ಉಳಿಯಿತು. ಮೋಟಾರ್ ಅಂಗಡಿಯೂ ಉಳಿಯಿತು. ಆದರೆ ಅಣ್ಣ ಮಾತು ಬಿಟ್ಟ. ಏನಾದರೂ ಬೇಕಿದ್ದರೆ ಚಿಕ್ಕಮ್ಮನ ಮೂಲಕ ಹೇಳಿಸುತ್ತಿದ್ದ.

"ಅವಳಿಗೆ ಹೇಳು ಚಿಕ್ಕಮ್ಮಾ, ಮನೇಲಿ ನಂಗೊಬ್ಬನಿಗೆ ಹೇಳಿದ್ರೆ ಸಾಕಿತ್ತು. ಊರೆದುರು ಬೆತ್ತಲೆ ಮಾಡ್ಬೇಕಿತ್ತಾ?"

"ನಾನೇನು ದುಭಾಷೀನಾ? ಅವಳು ಅಲ್ಲೇ ಕೂತಿದ್ದಾಳೆ, ನೀನೇ ಹೇಳ್ಕೋ," ಎಂದು ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಕುಕ್ಕುತ್ತಿದ್ದರು.

ಅಂಥದ್ದೇ ಒಂದು ಬೆಳಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಆಗಲಿ ಸಾಹೇಬರು ಇಳಿದು, ಮಡಚಿಟ್ಟ ಬಟ್ಟೆಗಳ ಪಕ್ಕದ ಸ್ಟೂಲಿನ ಮೇಲೆ ಕೂತರು. ನಗು ವಾಪಸು ಬಂದಿತ್ತು.

"ಆದದ್ದು ಆಯ್ತಮ್ಮಾ. ಎರಡನೇ ಸಭೆ ಇದೆ. ಅವತ್ತು ಗಾಬರೀಲಿ ತಪ್ಪು ಅನುವಾದ ಆಯ್ತು ಅಂತ ಒಂದು ಮಾತು ಹೇಳಿಬಿಡು. ಹೆಡ್ ಆಫೀಸಲ್ಲಿ ನಿಂಗೆ ಕಾಯಂ ಕೆಲಸ. ನಿಮ್ಮಣ್ಣನಿಗೆ ಟಿಪ್ಪರ್ ನಾನೇ ಕೊಡಿಸ್ತೀನಿ, ಹೊಸ ಷರತ್ತಿನಲ್ಲಿ ಬರೆಸಿ ಕೊಡಿಸ್ತೀನಿ. ಊರಿಗೂ ಕರೆಂಟು ಬರುತ್ತೆ. ಯಾರಿಗೆ ನಷ್ಟ ಹೇಳು?"

ಒಳಗೆ ಅಣ್ಣನ ಸುತ್ತಿಗೆಯ ಸದ್ದು ನಿಂತಿತು. ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಹಾಗೇ ನಿಂತರು. ಮೂರು ಜನರ ಬದುಕು ಅವಳ ಒಂದು ಸುಳ್ಳಿನ ಮೇಲೆ ನಿಂತಿತ್ತು. ಅದು ಬಲು ಸಣ್ಣ ಸುಳ್ಳು, ಹಿಂದೆಯೇ ಎರಡು ಲಾರಿ ಬರುತ್ತಿದ್ದವು.

ಗಿಳಿ ಎದ್ದು ಹೋಗಿ ಅಂಗಡಿಯ ರೋಲಿಂಗ್ ಷಟರನ್ನು ಪೂರ್ತಿ ಮೇಲಕ್ಕೆ ತಳ್ಳಿದಳು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

"ಬರ್ತೀನಿ ಸಾಹೇಬ್ರೇ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಮೈಕು ರೆಡಿ ಮಾಡ್ಸಿ. ನೀವು ಈಗ ಇಲ್ಲಿ ಕೂತು ಹೇಳಿದ್ರಲ್ಲ, ಕೆಲಸ, ಟಿಪ್ಪರು, ತಪ್ಪು ಅನುವಾದ, ಎಲ್ಲಾನೂ ಹೇಳ್ತೀನಿ. ಎರಡೂ ಭಾಷೇಲಿ."

ಆಗಲಿ ಸಾಹೇಬರು ಎದ್ದರು. ಬಾಯಿ ತೆರೆದರು. ಈ ಸಲ ಅವರಿಗೆ "ಆಗಲಿ" ಎನ್ನಲೂ ಆಗಲಿಲ್ಲ.

ಕಾರು ಹೋದ ಮೇಲೆ ಒಳಗಿನಿಂದ ಮತ್ತೆ ಸುತ್ತಿಗೆಯ ಸದ್ದು ಕೇಳಿಬಂತು. ಸಿಟ್ಟಿನ ಸದ್ದೋ ಬೇರೆಯದೋ, ಅದಕ್ಕೆ ಅನುವಾದ ಅವಳಿಗೂ ಗೊತ್ತಾಗಲಿಲ್ಲ.

ಈಗ ಹೇಳಿ. ಒಂದು ಕಿವಿಯಲ್ಲಿ ಸಾಹೇಬರ ಪಿಸುಮಾತು, ಎದುರಿಗೆ ಹೊಸ ಅಂಗಿ ತೊಟ್ಟು ಕೂತ ಒಡಹುಟ್ಟಿದವನು, ಮುಂದೆ ಮೈಕು, ಬಾಗಿಲು ಪೂರ್ತಿ ತೆರೆದಿದೆ. ಆ ಕುರ್ಚಿಯಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?